ಬಾಡಿಪಿ 493/503: ಸೋಂಕು ತಗುಲಿದ ಮ್ಯಾಕ್ರೋಫೇಜ್‌ಗಳ ಕೊಬ್ಬು ಅಳೆಯಲು ಈ ಬಣ್ಣವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಸೋಂಕಿನ ಎದುರು ರೋಗನಿರೋಧಕ ಕೋಶಗಳು ಕೊಬ್ಬನ್ನು ಹೇಗೆ ಬಳಸಿಕೊಳ್ಳುತ್ತವೆ ಎಂದು ಪರೀಕ್ಷಿಸಲು ಹೊರಟವರು ಸಾಮಾನ್ಯವಾಗಿ ಮೊದಲು ತರಿಸುವುದು ಇದೇ ಬಣ್ಣವನ್ನು. ಕಿತ್ತಳೆ ಬಣ್ಣದ ಒಂದಿಷ್ಟು ಪುಡಿ, ಅದಕ್ಕೊಂದು ಸೀಸೆ. ನೀಲಿ ಬೆಳಕು ಬಿದ್ದರೆ ಕೋಶದೊಳಗಿನ ಕೊಬ್ಬಿನ ಹನಿಗಳು ಹಸಿರಾಗಿ ಹೊಳೆಯುತ್ತವೆ. ತೀರ್ಪನ್ನು ಮೊದಲೇ ಹೇಳುತ್ತೇವೆ: ಕೋಶದಲ್ಲಿ ತಟಸ್ಥ ಕೊಬ್ಬು (ಟ್ರೈಗ್ಲಿಸರೈಡ್‌ನಂಥ ಶೇಖರಣೆಯ ಕೊಬ್ಬು) ಎಷ್ಟು ಕೂತಿದೆ ಎಂಬ ಒಂದು ಪ್ರಶ್ನೆಗೆ ಇಷ್ಟು ಬೇಗ, ಇಷ್ಟು ಸುಲಭವಾಗಿ ಉತ್ತರ ಕೊಡುವ ಸಾಧನ ಬೇರೆ ಸಿಗುವುದು ಕಷ್ಟ. ಆದರೆ ಆ ಕೊಬ್ಬು ಎಲ್ಲಿಂದ ಬಂತು, ಕೋಶ ಅದನ್ನು ಉರಿಸುತ್ತಿದೆಯೇ, ಅದರಿಂದ ಲಾಭ ಆಗುತ್ತಿರುವುದು ಕೋಶಕ್ಕೋ ಒಳಹೊಕ್ಕ ರೋಗಾಣುವಿಗೋ ಎಂಬ ಪ್ರಶ್ನೆಗಳಿಗೆ ಇದರಿಂದ ಉತ್ತರ ಸಿಗುವುದಿಲ್ಲ. ಸಿಕ್ಕಿತು ಎಂದುಕೊಂಡು ಬರೆದ ಚಿತ್ರವಿವರಣೆಗಳು ಈ ಕ್ಷೇತ್ರದಲ್ಲಿ ಬೇಕಾದಷ್ಟಿವೆ. ಆದ್ದರಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ.

ಹೆಸರಿನ ವಿಷಯದಲ್ಲಿ ಮೊದಲೇ ಎಚ್ಚರ ಬೇಕು. ಬಾಡಿಪಿ ಎಂಬುದು ಒಂದೇ ಬಣ್ಣದ ಹೆಸರಲ್ಲ, ದೊಡ್ಡ ಕುಟುಂಬದ ಹೆಸರು. 493/503 ಎಂಬ ಸಂಖ್ಯೆಗಳು ಅದು ಹೀರುವ ಮತ್ತು ಹೊರಸೂಸುವ ಬೆಳಕಿನ ತರಂಗಾಂತರಗಳು, ನ್ಯಾನೊಮೀಟರ್‌ಗಳಲ್ಲಿ. ಇದಕ್ಕೆ ಕೊಬ್ಬಿನಾಮ್ಲದ ಬಾಲ ಇಲ್ಲ. ನೀರಿಗೆ ಒಗ್ಗದ ಸಣ್ಣ ಅಣು, ಎಣ್ಣೆ ಎಲ್ಲಿದೆಯೋ ಅಲ್ಲಿ ಹೋಗಿ ಸೇರಿಕೊಳ್ಳುತ್ತದೆ, ಅಷ್ಟೇ. ಬಾಡಿಪಿ ಎಫ್‌ಎಲ್ ಸಿ16 ಬೇರೆ: ಅದು 16 ಇಂಗಾಲದ ಕೊಬ್ಬಿನಾಮ್ಲಕ್ಕೆ ಬಣ್ಣ ಅಂಟಿಸಿದ್ದು, ಕೋಶ ಕೊಬ್ಬಿನಾಮ್ಲವನ್ನು ಒಳಗೆ ಎಳೆದುಕೊಳ್ಳುವುದನ್ನು ನೋಡಲು. ಬಾಡಿಪಿ 581/591 ಸಿ11 ಮತ್ತೂ ಬೇರೆ: ಅದು ಕೊಬ್ಬಿನ ಆಕ್ಸಿಡೀಕರಣವನ್ನು, ಅಂದರೆ ಪೆರಾಕ್ಸಿಡೇಶನ್ ಅನ್ನು, ತೋರಿಸುವ ಬಣ್ಣ. ಆರ್ಡರ್ ಹಾಕುವಾಗ ‘ಬಾಡಿಪಿ ಲಿಪಿಡ್ ಡೈ’ ಎಂದಷ್ಟೇ ಬರೆದರೆ ಈ ಮೂರರಲ್ಲಿ ಯಾವುದು ಬೇಕಾದರೂ ಬರಬಹುದು. ಮೂರೂ ಹಸಿರು ಚಾನೆಲ್‌ನಲ್ಲಿ ಏನೋ ಒಂದನ್ನು ತೋರಿಸುವುದರಿಂದ ತಪ್ಪು ತಕ್ಷಣ ಗೊತ್ತಾಗುವುದೂ ಇಲ್ಲ.

ಕೊಬ್ಬಿನ ಹನಿ ಎಂದರೆ ಬರೀ ಶೇಖರಣೆಯ ಗಡ್ಡೆಯಲ್ಲ. ಮಧ್ಯದಲ್ಲಿ ಟ್ರೈಗ್ಲಿಸರೈಡ್ ಮತ್ತು ಕೊಲೆಸ್ಟರಾಲ್ ಎಸ್ಟರ್, ಸುತ್ತ ಫಾಸ್ಫೋಲಿಪಿಡ್‌ನ ಒಂದೇ ಒಂದು ಪದರ, ಆ ಪದರದ ಮೇಲೆ ಪೆರಿಲಿಪಿನ್-2ರಂಥ ಪ್ರೋಟೀನುಗಳು. ಟ್ರೈಗ್ಲಿಸರೈಡ್ ಕಟ್ಟುವ ಕೊನೆಯ ಹೆಜ್ಜೆ ಡಿಜಿಎಟಿ1 ಮತ್ತು ಡಿಜಿಎಟಿ2 ಎಂಬ ಕಿಣ್ವಗಳದು, ಅದನ್ನು ಒಡೆಯುವ ಮೊದಲ ಹೆಜ್ಜೆ ಎಟಿಜಿಎಲ್‌ನದು. ರೋಗಾಣುಗಳನ್ನು ನುಂಗುವ ರೋಗನಿರೋಧಕ ಕೋಶವಾದ ಮ್ಯಾಕ್ರೋಫೇಜ್‌ಗೆ ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಪೊರೆಯ ಅಂಶ) ಕೊಟ್ಟರೆ ಒಂದು ದಿನದೊಳಗೆ ಹನಿಗಳು ಹೆಚ್ಚುತ್ತವೆ. ಬಾಡಿಪಿ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ತೊಡಕು ಶುರುವಾಗುವುದು ಆಮೇಲೆ. ತೊಟ್ಟಿಯಲ್ಲಿ ನೀರಿನ ಮಟ್ಟ ಏರಿದ್ದನ್ನು ಕಂಡ ಮಾತ್ರಕ್ಕೆ ನಲ್ಲಿ ಜೋರಾಗಿದೆಯೋ, ಹೊರಹರಿವು ಕಟ್ಟಿಕೊಂಡಿದೆಯೋ ಎಂದು ಹೇಳಲಾಗದು. ಇಲ್ಲೂ ಹಾಗೆಯೇ. ಸಿಡಿ36ರಂಥ ದ್ವಾರಗಳ ಮೂಲಕ ಹೊರಗಿನ ಕೊಬ್ಬಿನಾಮ್ಲ ಹೆಚ್ಚು ಬಂದಿರಬಹುದು. ಕೋಶವೇ ಸಿಟ್ರೇಟ್‌ನಿಂದ ಅಸಿಟೈಲ್-ಕೋಎ ಮಾಡಿ ಹೊಸ ಕೊಬ್ಬು ಕಟ್ಟಿರಬಹುದು. ಮೈಟೊಕಾಂಡ್ರಿಯಾದಲ್ಲಿ ಉರಿಸುವುದು ಕಡಿಮೆಯಾಗಿರಬಹುದು. ಎಟಿಜಿಎಲ್ ಇಳಿದು ಒಡೆಯುವುದೇ ನಿಂತಿರಬಹುದು. ಎಲ್‌ಪಿಎಸ್ ಕೊಟ್ಟ ಮ್ಯಾಕ್ರೋಫೇಜ್‌ನಲ್ಲಿ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಒಟ್ಟಿಗೇ ನಡೆಯುತ್ತವೆ.

ಇನ್ನು ಬಳಕೆ. 10 ಮಿಲಿಗ್ರಾಂ ಸೀಸೆಗೆ 7.6 ಮಿಲಿಲೀಟರ್ ಒಣ ಡಿಎಂಎಸ್‌ಒ ದ್ರಾವಕ ಹಾಕಿದರೆ ಸುಮಾರು 5 ಮಿಲಿಮೋಲಾರ್ ಸ್ಟಾಕ್ (ದಟ್ಟ ಮೂಲ ದ್ರಾವಣ) ಆಗುತ್ತದೆ, ಏಕೆಂದರೆ ಅಣುತೂಕ 262. ಒಮ್ಮೆಗೆ ಬೇಕಾಗುವಷ್ಟು, ಅಂದರೆ 20 ಮೈಕ್ರೋಲೀಟರ್‌ನಂತೆ, ಕಂದು ಟ್ಯೂಬುಗಳಿಗೆ ಹಂಚಿ ಮೈನಸ್ 20 ಡಿಗ್ರಿಯಲ್ಲಿಡಿ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಡಿಎಂಎಸ್‌ಒ ಗಾಳಿಯ ತೇವ ಹೀರಿಕೊಳ್ಳುತ್ತದೆ, ಬಣ್ಣ ಕಣಕಣವಾಗಿ ಕೆಳಗೆ ಕೂರುತ್ತದೆ. ಬಳಸುವ ಸಾಂದ್ರತೆ 2 ಮೈಕ್ರೋಮೋಲಾರ್: 10 ಮಿಲಿಲೀಟರ್ ಪಿಬಿಎಸ್‌ಗೆ (ಪಿಎಚ್ ಸ್ಥಿರವಾಗಿಡುವ ಉಪ್ಪುನೀರು) 4 ಮೈಕ್ರೋಲೀಟರ್ ಸ್ಟಾಕ್. ಪಿಬಿಎಸ್ ಅನ್ನು ಮೊದಲು ಕೋಣೆಯ ಉಷ್ಣತೆಗೆ ತಂದು, ವೋರ್ಟೆಕ್ಸ್ ಮೇಲೆ ತಿರುಗುತ್ತಿರುವಾಗಲೇ ಸ್ಟಾಕ್ ಬಿಡಬೇಕು. ತಣ್ಣಗಿನ ದ್ರಾವಣಕ್ಕೆ ಒಮ್ಮೆಲೇ ಬಿಟ್ಟರೆ ನೀರಿಗೆ ಒಗ್ಗದ ಈ ಅಣುಗಳು ಗುಂಪುಗೂಡಿ ಸಣ್ಣ ಹೊಳೆಯುವ ಚುಕ್ಕೆಗಳಾಗುತ್ತವೆ. ಮೈಕ್ರೋಸ್ಕೋಪಿನಲ್ಲಿ ಅವು ಥೇಟ್ ಕೊಬ್ಬಿನ ಹನಿಯಂತೆಯೇ ಕಾಣುತ್ತವೆ. ಕೋಶಗಳಿಲ್ಲದ ಖಾಲಿ ಗಾಜಿನ ಮೇಲೂ ಚುಕ್ಕೆಗಳಿದ್ದರೆ ಕಾರಣ ಇದೇ. ಆ ದ್ರಾವಣವನ್ನು ಚೆಲ್ಲಿ ಹೊಸದಾಗಿ ಮಾಡಿ.

ಬಣ್ಣ ಹಾಕುವಾಗ ಸೀರಮ್ ಇರಕೂಡದು. ಸೀರಮ್‌ನ ಅಲ್ಬುಮಿನ್ ಮತ್ತು ಲಿಪೊಪ್ರೋಟೀನುಗಳು ಬಣ್ಣವನ್ನು ಹಿಡಿದಿಟ್ಟುಕೊಂಡು ಕೋಶಕ್ಕೆ ತಲುಪುವುದನ್ನು ತಗ್ಗಿಸುತ್ತವೆ. ಒಂದು ಟ್ಯೂಬ್ ಸರಿಯಾಗಿ ತೊಳೆದು ಇನ್ನೊಂದನ್ನು ತೊಳೆಯದಿದ್ದರೆ ಅಷ್ಟರಿಂದಲೇ ‘ವ್ಯತ್ಯಾಸ’ ಹುಟ್ಟುತ್ತದೆ. ಎರಡು ಸಲ ಪಿಬಿಎಸ್‌ನಲ್ಲಿ ತೊಳೆದು, 37 ಡಿಗ್ರಿಯಲ್ಲಿ ಕತ್ತಲಲ್ಲಿ 15 ನಿಮಿಷ, ಮತ್ತೆ ಎರಡು ಸಲ ತೊಳೆತ. ಕೋಶಗಳ ಸಂಖ್ಯೆ ಎಲ್ಲ ಟ್ಯೂಬುಗಳಲ್ಲೂ ಒಂದೇ ಇರಬೇಕು; 5 ಲಕ್ಷ ಕೋಶಕ್ಕೆ ಅರ್ಧ ಮಿಲಿಲೀಟರ್ ಎಂಬುದು ಒಳ್ಳೆಯ ಅಳತೆ. ಬಣ್ಣದ ಒಟ್ಟು ಪ್ರಮಾಣ ನಿಗದಿಯಾಗಿರುವಾಗ ಕೋಶಗಳು ಹೆಚ್ಚಾದರೆ ತಲಾ ಸಿಗುವುದು ಕಡಿಮೆಯಾಗುತ್ತದೆ. ಸೋಂಕಿನ ಪ್ರಯೋಗದಲ್ಲಿ ಇದು ವಿಶೇಷವಾಗಿ ಕಾಡುತ್ತದೆ: ಸೋಂಕು ತಗುಲಿದ ಬಾವಿಯಲ್ಲಿ (ಕೋಶ ಬೆಳೆಸುವ ತಟ್ಟೆಯ ಕುಳಿಯಲ್ಲಿ) ಕೆಲವು ಕೋಶಗಳು ಸತ್ತು ಸಂಖ್ಯೆ ಇಳಿದಿರುತ್ತದೆ, ಉಳಿದವುಗಳಿಗೆ ಬಣ್ಣ ಜಾಸ್ತಿ ಸಿಕ್ಕಿ ‘ಸೋಂಕಿನಿಂದ ಕೊಬ್ಬು ಏರಿತು’ ಎಂದು ಕಾಣುತ್ತದೆ. ಬಣ್ಣ ಹಾಕುವ ಮುನ್ನ ಎಣಿಸಿ ಸರಿದೂಗಿಸುವುದು ಬಿಟ್ಟರೆ ಇದಕ್ಕೆ ಬೇರೆ ದಾರಿ ಇಲ್ಲ.

ಈ ಬಣ್ಣ ಎಲ್ಲಿಗೂ ರಾಸಾಯನಿಕವಾಗಿ ಕಟ್ಟಿಕೊಳ್ಳುವುದಿಲ್ಲ. ಕೊಬ್ಬಿನಲ್ಲಿ ಕರಗಿ ಕೂತಿರುತ್ತದೆ, ಸುತ್ತಲಿನ ದ್ರಾವಣ ಬದಲಾದರೆ ನಿಧಾನವಾಗಿ ಹೊರಬರುತ್ತದೆ. ಬಣ್ಣ ಹಾಕಿದ ಕೋಶಗಳನ್ನು ಹಾಕದ ಕೋಶಗಳ ಜೊತೆ ಬೆರೆಸಿದರೆ ಎರಡೂ ಹಸಿರಾಗುತ್ತವೆ. ಬಣ್ಣ ಹಾಕಿ ಒಂದು ಗಂಟೆಯೊಳಗೆ ಓದಿ ಮುಗಿಸುವುದು ಲೇಸು. 96 ಬಾವಿಯ ತಟ್ಟೆಯನ್ನು ನಿಧಾನವಾದ ಸೈಟೊಮೀಟರ್‌ಗೆ (ಕೋಶಗಳನ್ನು ಒಂದೊಂದಾಗಿ ಹರಿಸಿ ಹೊಳಪು ಅಳೆಯುವ ಯಂತ್ರ) ಕೊಟ್ಟರೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ಬರೀ ಕಾಲದಿಂದಲೇ ವ್ಯತ್ಯಾಸ ಬರುತ್ತದೆ. ನಿಯಂತ್ರಣ ಮಾದರಿಗಳನ್ನೆಲ್ಲ ಒಂದೇ ಸಾಲಿನಲ್ಲಿ ಇಡದೆ ತಟ್ಟೆಯ ತುಂಬ ಹರಡಿ.

ಫ್ಲೋ ಸೈಟೊಮೆಟ್ರಿಯಲ್ಲಿ ಇದು 488 ಲೇಸರ್‌ಗೆ, 530/30 ಫಿಲ್ಟರ್‌ಗೆ ಸರಿಹೊಂದುತ್ತದೆ. ಹೊಳಪು ಜಾಸ್ತಿ, ಅದೇ ಇದರ ತೊಂದರೆಯೂ ಹೌದು. ಪಕ್ಕದ ಪಿಇ (ಹಳದಿ-ಕಿತ್ತಳೆಯಾಗಿ ಹೊಳೆಯುವ ಬಣ್ಣ) ಚಾನೆಲ್‌ಗೆ ಬಹಳ ಸೋರುತ್ತದೆ. ಕೊಬ್ಬು ತುಂಬಿದ ಕೋಶಕ್ಕೂ ಇಲ್ಲದ ಕೋಶಕ್ಕೂ ಹೊಳಪಿನ ಅಂತರ ವಿಪರೀತ ಇರುವುದರಿಂದ ಕಾಂಪೆನ್ಸೇಶನ್ (ಸೋರಿಕೆ ಕಳೆಯುವ) ಲೆಕ್ಕ ಸರಿ ಮಾಡಿದರೂ ಪಿಇಯಲ್ಲಿ ಮಂದವಾಗಿ ಕಾಣುವ ಗುರುತನ್ನು ನಂಬಲಾಗದು. ಪಿಇಯನ್ನು ಖಾಲಿ ಬಿಟ್ಟು, ಪ್ರತಿಕಾಯಗಳನ್ನು ಎಪಿಸಿ, ಎಪಿಸಿ-ಸೈ7, ಬಿವಿ421 ಎಂಬ ಬೇರೆ ಬಣ್ಣಗಳ ಕಡೆಗೆ ಒಯ್ಯಿರಿ. ಸತ್ತ ಕೋಶಗಳು ಬಣ್ಣವನ್ನು ಬೇಕಾಬಿಟ್ಟಿ ಕುಡಿಯುತ್ತವೆ, ಆದ್ದರಿಂದ ಜೀವಂತ-ಮೃತ ಗುರುತಿಸುವ ದೂರದ ಕೆಂಪಿನ ಬಣ್ಣ ಕಡ್ಡಾಯ. ಮ್ಯಾಕ್ರೋಫೇಜ್‌ಗಳಿಗೆ ತಮ್ಮದೇ ಹಸಿರು ಹೊಳಪೂ ಇದೆ. ಅದು ಪ್ರಚೋದನೆಯೊಂದಿಗೆ ಬದಲಾಗುವುದರಿಂದ ಬಣ್ಣ ಹಾಕದ ಮಾದರಿ ಒಂದೇ ಸಾಲದು, ಪ್ರತಿ ಸ್ಥಿತಿಗೂ ಒಂದೊಂದು ಬೇಕು.

ಇವೆಲ್ಲಕ್ಕಿಂತ ದೊಡ್ಡ ಮೋಸ ಕೋಶದ ಗಾತ್ರದ್ದು. ಬಾಡಿಪಿ ಹನಿಗಳಲ್ಲಿ ಮಾತ್ರ ಕೂರುವುದಿಲ್ಲ, ಸ್ವಲ್ಪಮಟ್ಟಿಗೆ ಎಲ್ಲ ಪೊರೆಗಳಲ್ಲೂ ಕೂರುತ್ತದೆ. ಪ್ರಚೋದನೆ ಸಿಕ್ಕಿದ ಡೆಂಡ್ರಿಟಿಕ್ ಕೋಶ (ರೋಗಾಣುವಿನ ತುಣುಕನ್ನು ಟಿ ಕೋಶಗಳಿಗೆ ತೋರಿಸುವ ಕೋಶ) ಹೊಸ ಕೊಬ್ಬಿನಾಮ್ಲ ಕಟ್ಟಿ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ ಮತ್ತು ಗಾಲ್ಜಿಯನ್ನು ಹಿಗ್ಗಿಸಿಕೊಳ್ಳುತ್ತದೆ. ಸೈಟೊಕೈನ್ (ರೋಗನಿರೋಧಕ ಸಂಕೇತ ಪ್ರೋಟೀನು) ತಯಾರಿಸಿ ಹೊರಹಾಕಲು ಅದಕ್ಕೆ ಆ ಪೊರೆ ಬೇಕು. ಅಂಥ ಕೋಶದಲ್ಲಿ ಹನಿ ಒಂದೂ ಹೆಚ್ಚದಿದ್ದರೂ ಸೈಟೊಮೀಟರಿನ ಸರಾಸರಿ ಹೊಳಪು ಏರಬಹುದು. ಹಾಗಾಗಿ ಸೈಟೊಮೀಟರಿನ ಸಂಖ್ಯೆಯನ್ನು ಒಂಟಿಯಾಗಿ ಪ್ರಕಟಿಸಬೇಡಿ. ಅದೇ ಮಾದರಿಯ ಒಂದು ಪಾಲನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಹನಿಗಳನ್ನು ಎಣಿಸಿ.

ಮೈಕ್ರೋಸ್ಕೋಪಿಗೆ ಮೊದಲು 4 ಶೇಕಡ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 15 ನಿಮಿಷ ಸ್ಥಿರೀಕರಿಸಿ (ಕೋಶವನ್ನು ಇದ್ದ ಸ್ಥಿತಿಯಲ್ಲೇ ಗಟ್ಟಿಗೊಳಿಸಿ), ಆಮೇಲೆ ಬಣ್ಣ ಹಾಕುವುದು ನಮಗೆ ಹೆಚ್ಚು ನಂಬಿಕೆಯ ಕ್ರಮ. ಮೆಥನಾಲ್, ಅಸಿಟೋನ್ ಎರಡೂ ಕೊಬ್ಬನ್ನೇ ಕರಗಿಸಿ ಒಯ್ಯುತ್ತವೆ. ಫಾಸ್ಫೋ-ಫ್ಲೋ (ಫಾಸ್ಫೇಟ್ ಹತ್ತಿದ ಪ್ರೋಟೀನುಗಳನ್ನು ಸೈಟೊಮೀಟರಿನಲ್ಲಿ ಅಳೆಯುವುದು) ಮಾಡುವವರ ಮೆಥನಾಲ್ ಹೆಜ್ಜೆ ಇರುವ ವಿಧಾನದಲ್ಲಿ ಈ ಬಣ್ಣಕ್ಕೆ ಜಾಗವೇ ಇಲ್ಲ. ಟ್ರೈಟಾನ್ ಎಕ್ಸ್-100 ಹನಿಯ ಹೊರಪದರವನ್ನು ಕೆಡಿಸುತ್ತದೆ. ಹನಿಗಳು ಒಂದಕ್ಕೊಂದು ಸೇರಿ ದಪ್ಪಗಾಗುತ್ತವೆ, ಪೆರಿಲಿಪಿನ್ ಚದುರುತ್ತದೆ. ಪ್ರತಿಕಾಯ ಒಳಗೆ ಹೋಗಬೇಕಿದ್ದರೆ 0.1 ಶೇಕಡ ಸ್ಯಾಪೋನಿನ್ ಬಳಸಿ. ಸ್ಯಾಪೋನಿನ್ ತೆಗೆದರೆ ಪೊರೆಯ ರಂಧ್ರ ಮುಚ್ಚಿಕೊಳ್ಳುವುದರಿಂದ ಪ್ರತಿಕಾಯದ ದ್ರಾವಣದಲ್ಲೂ ನಂತರದ ತೊಳೆತದಲ್ಲೂ ಅದು ಇರಲೇಬೇಕು. ಬಾಡಿಪಿ ಕೊನೆಗೆ, ನ್ಯೂಕ್ಲಿಯಸ್ ಬಣ್ಣದ ಜೊತೆಗೆ.

ಚಿತ್ರ ತೆಗೆಯುವಾಗ 63 ಪಟ್ಟಿನ, 1.4 ಎನ್‌ಎ (ಲೆನ್ಸ್ ಬೆಳಕು ಹಿಡಿಯುವ ಸಾಮರ್ಥ್ಯ) ಇರುವ ಎಣ್ಣೆ ಲೆನ್ಸ್, 0.3 ಮೈಕ್ರೋಮೀಟರ್ ಅಂತರದ ಪದರಗಳು. ಮ್ಯಾಕ್ರೋಫೇಜ್‌ನ ಹನಿಗಳು ಹೆಚ್ಚಾಗಿ ಒಂದು ಮೈಕ್ರೋಮೀಟರ್‌ಗಿಂತ ಚಿಕ್ಕವು. 20 ಪಟ್ಟಿನ ಲೆನ್ಸ್‌ನಲ್ಲಿ ಹತ್ತಿರದ ನಾಲ್ಕು ಹನಿ ಸೇರಿ ಒಂದಾಗಿ ಕಾಣುತ್ತವೆ, ‘ಹನಿಯ ಗಾತ್ರ ಹೆಚ್ಚಿತು’ ಎಂಬ ತಪ್ಪು ತೀರ್ಮಾನ ಅಲ್ಲೇ ಹುಟ್ಟುತ್ತದೆ. ಬಣ್ಣ ಬೇಗ ಮಾಸುವುದು ಇದರ ದೊಡ್ಡ ಕೊರತೆ. ಲೇಸರ್ ಶಕ್ತಿ ಆದಷ್ಟು ಕೆಳಗಿಡಿ, ಫೋಕಸ್ ಅನ್ನು ನ್ಯೂಕ್ಲಿಯಸ್ ಚಾನೆಲ್‌ನಲ್ಲಿ ಹುಡುಕಿ, 488ರ ನೀಲಿ ಲೇಸರ್ ಸಾಲನ್ನು ಚಿತ್ರ ಹಿಡಿಯುವಾಗ ಮಾತ್ರ ಹಚ್ಚಿ. ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ: ದಟ್ಟವಾಗಿ ಬಣ್ಣ ಕುಡಿದ ಹನಿ ಕೆಂಪು ಚಾನೆಲ್‌ನಲ್ಲೂ ಹೊಳೆಯಬಲ್ಲದು. ಹನಿಯ ಮೇಲೆ ಕೆಂಪು ಪ್ರೋಟೀನ್ ಕೂತಿದೆ ಎಂದು ತೋರಿಸಲು ಹೊರಟಿದ್ದರೆ ಇದು ನೇರವಾಗಿ ಸುಳ್ಳು ಸಾಕ್ಷಿ. ಬಾಡಿಪಿ ಮಾತ್ರ ಹಾಕಿದ, ಪ್ರತಿಕಾಯ ಹಾಕದ ಗಾಜನ್ನು ಕೆಂಪು ಚಾನೆಲ್‌ನಲ್ಲಿ ಒಮ್ಮೆ ನೋಡಲೇಬೇಕು. ಸಾಧ್ಯವಿದ್ದರೆ ಪ್ರತಿಕಾಯವನ್ನು 647 ಎಂಬ ದೂರದ ಕೆಂಪಿನ ಬಣ್ಣಕ್ಕೆ ಒಯ್ಯಿರಿ. ಗಟ್ಟಿಯಾಗಿ ಒಣಗುವ ಮೌಂಟಿಂಗ್ ದ್ರವಗಳು ದಿನ ಕಳೆದಂತೆ ಹನಿಗಳ ಆಕಾರ ಕೆಡಿಸುತ್ತವೆ. ಪಿಬಿಎಸ್‌ನಲ್ಲೇ ಇಟ್ಟು ಅದೇ ದಿನ ನೋಡುವುದು ಒಳ್ಳೆಯದು.

ನಿಯಂತ್ರಣ ಮಾದರಿಗಳ ವಿಷಯದಲ್ಲಿ ಜಿಪುಣತನ ಬೇಡ. ಮೇಲ್ಮಿತಿಗೆ, ಅಲ್ಬುಮಿನ್‌ಗೆ ಕಟ್ಟಿದ 200 ಮೈಕ್ರೋಮೋಲಾರ್ ಓಲಿಯಿಕ್ ಆಮ್ಲದಲ್ಲಿ ರಾತ್ರಿಯಿಡೀ ಇಟ್ಟ ಕೋಶಗಳು. ಕೆಳಮಿತಿಗೆ, ಡಿಜಿಎಟಿ1 ಮತ್ತು ಡಿಜಿಎಟಿ2 ಎರಡನ್ನೂ ತಡೆದ ಕೋಶಗಳು; ಒಂದನ್ನು ಮಾತ್ರ ತಡೆದರೆ ಇನ್ನೊಂದು ಬಹುಮಟ್ಟಿಗೆ ಕೆಲಸ ಮುಂದುವರಿಸುತ್ತದೆ. ಈ ಕೆಳಮಿತಿಯಲ್ಲಿ ಉಳಿಯುವ ಹಸಿರು ಬಹುಮಟ್ಟಿಗೆ ಪೊರೆಯ ಹಿನ್ನೆಲೆ. ಬಣ್ಣ ಹಾಕದ ಮಾದರಿಗಿಂತ ಇದು ನಿಜವಾದ ಸೊನ್ನೆ. ಸೋಂಕಿನ ಮಾದರಿಯ ಬೆಲೆ ಈ ಎರಡು ಮಿತಿಗಳ ನಡುವೆ ಎಲ್ಲಿ ಕೂರುತ್ತದೆ ಎಂದು ತೋರಿಸಿದರೆ ಇನ್ನೊಂದು ಲ್ಯಾಬಿನವರೂ ಹೋಲಿಸಿ ನೋಡಬಹುದು. ಕಲ್ಚರ್ ಸೀರಮ್‌ನ ಲಾಟ್ ಬದಲಾದರೆ ಅದರೊಳಗಿನ ಕೊಬ್ಬೂ ಬದಲಾಗುತ್ತದೆ, ಇಡೀ ಅಧ್ಯಯನಕ್ಕೆ ಒಂದೇ ಲಾಟ್ ತೆಗೆದಿಡಿ.

ಕ್ಷಯದ ರೋಗಾಣುವಿನ ಜೊತೆ ಈ ಬಣ್ಣ ಬಳಸುವವರಿಗೆ ಪ್ರತ್ಯೇಕವಾಗಿ ಹೇಳಬೇಕು. ಕ್ಷಯದ ಗಂಟುಗಳಲ್ಲಿ ಕಾಣುವ ನೊರೆಯಂಥ ಮ್ಯಾಕ್ರೋಫೇಜ್‌ಗಳು ಕೊಬ್ಬಿನ ಹನಿಗಳಿಂದ ತುಂಬಿರುತ್ತವೆ. ರೋಗಾಣುವಿಗೂ ಕೊಬ್ಬೆಂದರೆ ಇಷ್ಟ: ಎಂಸಿಇ1 ಎಂಬ ವ್ಯವಸ್ಥೆಯಿಂದ ಕೊಬ್ಬಿನಾಮ್ಲವನ್ನು, ಎಂಸಿಇ4ರಿಂದ ಕೊಲೆಸ್ಟರಾಲ್ ಅನ್ನು ಒಳಗೆಳೆದುಕೊಳ್ಳುತ್ತದೆ, ತನ್ನೊಳಗೇ ಟ್ರೈಗ್ಲಿಸರೈಡ್ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಬಾಡಿಪಿ ರೋಗಾಣುವಿನೊಳಗಿನ ಕೊಬ್ಬನ್ನೂ ಬಣ್ಣಿಸುತ್ತದೆ. ಮ್ಯಾಕ್ರೋಫೇಜ್‌ನಲ್ಲಿ ಕಂಡ ಉದ್ದನೆಯ ಹಸಿರು ಕಡ್ಡಿಯಾಕಾರ ಕೋಶದ ಹನಿಯಲ್ಲ. ಜಿಎಫ್‌ಪಿ ಎಂಬ ಹಸಿರಾಗಿ ಹೊಳೆಯುವ ಪ್ರೋಟೀನ್ ಹೊತ್ತ ತಳಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕೆಂಪಾಗಿ ಹೊಳೆಯುವ ಎಂಚೆರ್ರಿ ಹೊತ್ತ ತಳಿ ಬಳಸಿ, ಕೆಂಪಿನ ಮೇಲೆ ಬಿದ್ದ ಹಸಿರನ್ನು ಲೆಕ್ಕದಿಂದ ಕಳೆಯಿರಿ, ಕೋಶದ ಹನಿಗೆ ಪೆರಿಲಿಪಿನ್-2 ಪ್ರತಿಕಾಯವನ್ನು ಎರಡನೇ ಸಾಕ್ಷಿಯಾಗಿ ಇಟ್ಟುಕೊಳ್ಳಿ. ಸ್ಥಿರೀಕರಣದಿಂದ ರೋಗಾಣು ಪೂರ್ತಿ ಸತ್ತಿದೆ ಎಂಬುದನ್ನು ನಿಮ್ಮ ಲ್ಯಾಬಿನಲ್ಲೇ ಕಲ್ಚರ್ ಮಾಡಿ ಖಚಿತಪಡಿಸಿಕೊಂಡ ಮೇಲಷ್ಟೇ ಮಾದರಿಯನ್ನು ಬಿಎಸ್‌ಎಲ್-3 ಎಂಬ ಬಿಗಿ ಸುರಕ್ಷತೆಯ ಪ್ರಯೋಗಾಲಯದಿಂದ ಹೊರಗೆ ತರಬೇಕು. ಬಣ್ಣ ಚೆನ್ನಾಗಿ ಬರಲಿ ಎಂದು ಆ ಅವಧಿಯನ್ನು ಕಡಿಮೆ ಮಾಡುವ ಮಾತೇ ಬೇಡ.

ಹನಿ ಹೆಚ್ಚಾದದ್ದು ಯಾರ ಪರ ಎಂಬ ಪ್ರಶ್ನೆ ಈ ಕ್ಷೇತ್ರದ ಅತ್ಯಂತ ರೋಚಕ ಭಾಗ, ಬಾಡಿಪಿಗೆ ಅತ್ಯಂತ ಕಷ್ಟದ ಭಾಗವೂ ಅದೇ. ಬಹಳ ಕಾಲ ನೊರೆಗೋಶವೆಂದರೆ ರೋಗಾಣುವಿನ ಉಗ್ರಾಣ ಎಂದೇ ತಿಳಿಯಲಾಗಿತ್ತು. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕ್ಷಯ ತಗುಲಿದ ಇಲಿಯ ಮ್ಯಾಕ್ರೋಫೇಜ್‌ಗಳು ಹನಿ ಕಟ್ಟಲು ಇಂಟರ್‌ಫೆರಾನ್ ಗಾಮಾ ಎಂಬ ರೋಗನಿರೋಧಕ ಸಂಕೇತ ಮತ್ತು ಎಚ್‌ಐಎಫ್-1 ಆಲ್ಫಾ ಎಂಬ ಜೀನ್ ನಿಯಂತ್ರಕ ಪ್ರೋಟೀನ್ ಬೇಕಾದವು. ಅಂದರೆ ಅದು ಕೋಶದ ಸ್ವಂತ ರಕ್ಷಣಾ ಕ್ರಮದ ಭಾಗ. ಹನಿಗಳು ಪ್ರೊಸ್ಟಗ್ಲಾಂಡಿನ್ ಇ2ರಂಥ ಸಂಕೇತಗಳ ತಯಾರಿಗೂ ನೆರವಾಗುತ್ತಿದ್ದವು. 2020ರಲ್ಲಿ ಇನ್ನೊಂದು ಅಧ್ಯಯನ ಎಲ್‌ಪಿಎಸ್ ಕೊಟ್ಟ ಇಲಿಯ ಯಕೃತ್ತಿನ ಹನಿಗಳನ್ನು ಬೇರ್ಪಡಿಸಿ ನೋಡಿತು. ಅವುಗಳ ಮೈಮೇಲೆ ಕ್ಯಾಥೆಲಿಸಿಡಿನ್‌ನಂಥ ರೋಗಾಣು ಕೊಲ್ಲುವ ಪ್ರೋಟೀನುಗಳು ಕೂತಿದ್ದವು, ಹನಿಗಳು ಮೈಟೊಕಾಂಡ್ರಿಯಾದಿಂದ ದೂರ ಸರಿದಿದ್ದವು. ವೈರಸ್‌ಗಳ ಕಡೆ ನೋಡಿದರೆ ಚಿತ್ರ ತಿರುಗುತ್ತದೆ: ಹೆಪಟೈಟಿಸ್ ಸಿ ವೈರಸ್ಸಿನ ಕೋರ್ ಪ್ರೋಟೀನ್ ಹನಿಯ ಮೇಲೆಯೇ ಕೂರುತ್ತದೆ, ಡೆಂಗಿ ವೈರಸ್ ಹನಿಗಳನ್ನು ಒಡೆಸಿ ಶಕ್ತಿ ಪಡೆಯುತ್ತದೆ, ಸಾರ್ಸ್-ಕೋವ್-2 ತಗುಲಿದ ಕೋಶಗಳಲ್ಲಿ ಡಿಜಿಎಟಿ1 ತಡೆದಾಗ ವೈರಸ್ಸಿನ ಬೆಳವಣಿಗೆ ಕುಗ್ಗಿತು. ಬಾಡಿಪಿಗೆ ಈ ಹನಿಗಳೆಲ್ಲವೂ ಒಂದೇ ಹಸಿರು. ಆದ್ದರಿಂದ ಹನಿಯನ್ನು ಎಣಿಸಿದ ಮೇಲೆ ಅದನ್ನು ತಡೆದು ರೋಗಾಣುವಿನ ಸಂಖ್ಯೆ ಏರಿತೋ ಇಳಿಯಿತೋ ನೋಡದ ಅಧ್ಯಯನ ಅರ್ಧಕ್ಕೆ ನಿಂತ ಹಾಗೆ.

ಉರಿಸುವ ಪ್ರಶ್ನೆಗೆ ಬಾಡಿಪಿಯ ಪಕ್ಕದಲ್ಲಿ ಇಡಬೇಕಾದದ್ದು ಆಮ್ಲಜನಕ ಬಳಕೆಯ ಅಳತೆ. ಇದಕ್ಕೆ ಅಲ್ಬುಮಿನ್‌ಗೆ ಕಟ್ಟಿದ ಪಾಮಿಟೇಟ್ (16 ಇಂಗಾಲದ ಕೊಬ್ಬಿನಾಮ್ಲ) ಬೇಕು, ಅದನ್ನು ಲ್ಯಾಬಿನಲ್ಲೇ ಮಾಡಿಕೊಳ್ಳಬಹುದು. ಕೊಬ್ಬಿನಾಮ್ಲ ತೆಗೆದ ಬಿಎಸ್‌ಎ (ದನದ ಸೀರಮ್‌ನ ಅಲ್ಬುಮಿನ್) 2.267 ಗ್ರಾಂ ಅನ್ನು 100 ಮಿಲಿಲೀಟರ್ 150 ಮಿಲಿಮೋಲಾರ್ ಉಪ್ಪುನೀರಿನಲ್ಲಿ 37 ಡಿಗ್ರಿಯಲ್ಲಿ ಕರಗಿಸಿ. ಸೋಡಿಯಂ ಪಾಮಿಟೇಟ್ 30.6 ಮಿಲಿಗ್ರಾಂ ಅನ್ನು ಅದೇ ಉಪ್ಪುನೀರಿನ 44 ಮಿಲಿಲೀಟರ್‌ನಲ್ಲಿ 70 ಡಿಗ್ರಿಗೆ ಕಾಯಿಸಿ, ಪೂರ್ತಿ ತಿಳಿಯಾಗುವವರೆಗೆ. ಬಿಎಸ್‌ಎ ದ್ರಾವಣದ 50 ಮಿಲಿಲೀಟರ್‌ಗೆ ಬಿಸಿ ಪಾಮಿಟೇಟ್ 40 ಮಿಲಿಲೀಟರ್ ಅನ್ನು ಸ್ವಲ್ಪ ಸ್ವಲ್ಪವಾಗಿ, ಕಲಕುತ್ತಲೇ ಸೇರಿಸಿ, ಒಂದು ಗಂಟೆ 37 ಡಿಗ್ರಿಯಲ್ಲಿ ಕಲಕಿ, 100ಕ್ಕೆ ತುಂಬಿಸಿ, ಪಿಎಚ್ 7.4ಕ್ಕೆ ತನ್ನಿ. 1 ಮಿಲಿಮೋಲಾರ್ ಪಾಮಿಟೇಟ್, 0.17 ಮಿಲಿಮೋಲಾರ್ ಬಿಎಸ್‌ಎ, ಅಂದರೆ ಸುಮಾರು ಆರಕ್ಕೆ ಒಂದು. ಪಾಮಿಟೇಟ್ ಸ್ವಲ್ಪ ತಣ್ಣಗಾದರೂ ಸೋಪಿನಂತೆ ಬಿಳಿಯಾಗಿ ಹೆಪ್ಪುಗಟ್ಟುತ್ತದೆ. ಪಿಪೆಟ್ ಅನ್ನೂ ಬಿಸಿ ಮಾಡಿಟ್ಟುಕೊಳ್ಳಿ. ಉಳಿದ 50 ಮಿಲಿಲೀಟರ್ ಬಿಎಸ್‌ಎಗೆ ಉಪ್ಪುನೀರು ಸೇರಿಸಿ 100 ಮಾಡಿದರೆ ಅದೇ ಪಾಮಿಟೇಟ್ ಇಲ್ಲದ ನಿಯಂತ್ರಣ.

ರೋಗನಿರೋಧಕ ಕೋಶಗಳಿಗೆ ಇಲ್ಲೊಂದು ವಿಶೇಷ ಅಪಾಯ ಇದೆ: ಬಿಎಸ್‌ಎಯಲ್ಲಿ ಎಂಡೊಟಾಕ್ಸಿನ್ (ಅಂದರೆ ಎಲ್‌ಪಿಎಸ್) ಇದ್ದರೆ ಮ್ಯಾಕ್ರೋಫೇಜ್ ಅದಕ್ಕೇ ಸ್ಪಂದಿಸುತ್ತದೆ, ನೀವು ಪಾಮಿಟೇಟ್‌ನ ಪರಿಣಾಮ ಎಂದುಕೊಳ್ಳುತ್ತೀರಿ. ಎಂಡೊಟಾಕ್ಸಿನ್ ಕಡಿಮೆ ಇರುವ ದರ್ಜೆಯನ್ನೇ ತರಿಸಿ, ಆದರೂ ಬಿಎಸ್‌ಎ ಮಾತ್ರ ಕೊಟ್ಟ ಕೋಶಗಳಲ್ಲಿ ಟಿಎನ್‌ಎಫ್ ಎಂಬ ಉರಿಯೂತದ ಸಂಕೇತವನ್ನು ಅಳೆದು ನೋಡಿ. ಅಳತೆಯ ಹಿಂದಿನ ರಾತ್ರಿ ಗ್ಲೂಕೋಸ್ 0.5 ಮಿಲಿಮೋಲಾರ್‌ಗೆ ಇಳಿಸಿ, ಕಾರ್ನಿಟೈನ್ 0.5 ಮಿಲಿಮೋಲಾರ್ ಸೇರಿಸುವುದು ರೂಢಿ. ಕಾರ್ನಿಟೈನ್ ಮರೆತರೆ ಉದ್ದ ಸರಪಳಿಯ ಕೊಬ್ಬಿನಾಮ್ಲ ಮೈಟೊಕಾಂಡ್ರಿಯಾದೊಳಗೆ ಸಾಕಷ್ಟು ಹೋಗುವುದಿಲ್ಲ, ‘ಈ ಕೋಶ ಕೊಬ್ಬು ಉರಿಸುವುದಿಲ್ಲ’ ಎಂದು ತಪ್ಪಾಗಿ ಕಾಣುತ್ತದೆ. ಎಲ್‌ಪಿಎಸ್ ಕೊಟ್ಟ ಮ್ಯಾಕ್ರೋಫೇಜ್ ಗ್ಲೂಕೋಸ್ ಮೇಲೆ ಬಹಳ ಅವಲಂಬಿಸಿರುವುದರಿಂದ ರಾತ್ರಿಯ ಈ ಉಪವಾಸವೇ ಅದನ್ನು ಕೊಲ್ಲಬಹುದು. ಅಂಥ ಕೋಶಕ್ಕೆ ಉಪವಾಸವನ್ನು ಕೆಲವು ಗಂಟೆಗಳಿಗೆ ಇಳಿಸಿ, ಅಳತೆಯ ನಂತರ ಬಾವಿಗೆ ಎಷ್ಟು ಕೋಶ ಉಳಿದಿವೆ ಎಂದು ನ್ಯೂಕ್ಲಿಯಸ್ ಎಣಿಸಿ ಭಾಗಿಸಿ.

ಎಟೊಮಾಕ್ಸಿರ್ ಬಗ್ಗೆ ಇನ್ನೂ ಹಳೆಯ ಪ್ರಮಾಣವನ್ನೇ ಬಳಸುವವರಿದ್ದಾರೆ. ಇದು ಕೊಬ್ಬಿನಾಮ್ಲವನ್ನು ಮೈಟೊಕಾಂಡ್ರಿಯಾಕ್ಕೆ ಸಾಗಿಸುವ ಸಿಪಿಟಿ1 ಕಿಣ್ವವನ್ನು ಶಾಶ್ವತವಾಗಿ ಕಟ್ಟಿಹಾಕುವ ಔಷಧ. ಐಎಲ್-4 ಎಂಬ ಸಂಕೇತ ಪ್ರೋಟೀನ್ ಕೊಟ್ಟ ಮ್ಯಾಕ್ರೋಫೇಜ್ ಕೊಬ್ಬು ಉರಿಸಿಯೇ ತನ್ನ ಗುಣ ಪಡೆಯುತ್ತದೆ ಎಂಬ ವಾದಕ್ಕೆ ಒಂದು ಕಾಲದಲ್ಲಿ 200 ಮೈಕ್ರೋಮೋಲಾರ್ ಎಟೊಮಾಕ್ಸಿರ್ ಆಧಾರವಾಗಿತ್ತು. ಅದೇ ಸಾಗಣೆಯ ಮುಂದಿನ ಕಿಣ್ವವಾದ ಸಿಪಿಟಿ2 ಇಲ್ಲದ ಮ್ಯಾಕ್ರೋಫೇಜ್‌ಗಳೂ ಐಎಲ್-4ಗೆ ಸರಿಯಾಗಿ ಸ್ಪಂದಿಸಿದಾಗ ಆ ವಾದ ಅಲುಗಿತು. 2018ರ ಅಧ್ಯಯನಗಳು ಕಾರಣ ತೋರಿಸಿದವು: ಹೆಚ್ಚಿನ ಪ್ರಮಾಣದಲ್ಲಿ ಎಟೊಮಾಕ್ಸಿರ್ ಕೋಶದ ಮುಕ್ತ ಕೋಎಂಜೈಮ್ ಎಯನ್ನು ಬರಿದು ಮಾಡುತ್ತದೆ, ಉಸಿರಾಟ ಸರಪಳಿಯ ಕಾಂಪ್ಲೆಕ್ಸ್ 1 ಅನ್ನೂ ತಡೆಯುತ್ತದೆ. ಟಿ ಕೋಶಗಳಲ್ಲಿ 5 ಮೈಕ್ರೋಮೋಲಾರ್ ದಾಟಿದರೆ ಸಿಪಿಟಿ1ಎ (ಸಿಪಿಟಿ1ರ ಒಂದು ರೂಪ) ಇಲ್ಲದ ಕೋಶಗಳ ಮೇಲೂ ಪರಿಣಾಮ ಕಾಣುತ್ತದೆ, ಅಂದರೆ ಆ ಪರಿಣಾಮಕ್ಕೂ ಕೊಬ್ಬಿಗೂ ಸಂಬಂಧ ಇಲ್ಲ. 3ರಿಂದ 5 ಮೈಕ್ರೋಮೋಲಾರ್ ಸಾಕು. ಅದಕ್ಕಿಂತ ಹೆಚ್ಚು ಹಾಕಿದರೆ ಮಾತ್ರ ಫಲಿತಾಂಶ ಬರುತ್ತದೆ ಎಂದಾದರೆ ಆ ಫಲಿತಾಂಶ ಕೊಬ್ಬಿನದಲ್ಲ. ಎಟೊಮಾಕ್ಸಿರ್ ಹಾಕಿದ ಮೇಲೆ ಬಾಡಿಪಿ ಹಸಿರು ಏರಿದರೆ ಅದು ಚೆನ್ನಾಗಿ ಹೊಂದುವ ಜೋಡಿ ಸಾಕ್ಷಿ: ಉರಿಯಬೇಕಿದ್ದ ಕೊಬ್ಬು ಹನಿಗೆ ಸರಿಯಿತು. ಆಮ್ಲಜನಕ ಇಳಿದು, ಹಸಿರು ಮಾತ್ರ ಇದ್ದಲ್ಲೇ ಇದ್ದರೆ ಪ್ರಮಾಣವನ್ನು ಮತ್ತೊಮ್ಮೆ ಪರಿಶೀಲಿಸಿ.

ಇತರ ಬಣ್ಣಗಳ ಜೊತೆ ಹೋಲಿಕೆ ಬೇಗ ಮುಗಿಸಬಹುದು. ಆಯಿಲ್ ರೆಡ್ ಒ ಹಳೆಯದು, ಸಾಮಾನ್ಯ ಮೈಕ್ರೋಸ್ಕೋಪಿಗೆ ಸಾಕು, ಆದರೆ ಅದರ ದ್ರಾವಣದಲ್ಲಿರುವ ಐಸೊಪ್ರೊಪನಾಲ್ ಹನಿಗಳನ್ನು ಬೆಸೆಯುತ್ತದೆ, ಎಣಿಕೆಗೆ ಆಗುವುದಿಲ್ಲ. ನೈಲ್ ರೆಡ್ ಪೊರೆಯನ್ನೂ ಹನಿಯನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸುತ್ತದೆ ನಿಜ, ಆದರೆ ಅದರ ಹೊಳಪು ಅಷ್ಟೂ ಚಾನೆಲ್‌ಗಳಿಗೆ ಹರಡುತ್ತದೆ. ಪ್ರತಿಕಾಯಗಳ ಜೊತೆ ಬಳಸಲಾಗದು. ಲಿಪಿಡ್‌ಟಾಕ್ಸ್ ಸ್ಥಿರೀಕರಿಸಿದ ಕೋಶಗಳಿಗೆ ಚೆನ್ನಾಗಿದೆ, ಕೆಂಪು ಮತ್ತು ದೂರದ ಕೆಂಪಿನಲ್ಲೂ ಸಿಗುತ್ತದೆ, ಜಿಎಫ್‌ಪಿ ಹೊತ್ತ ರೋಗಾಣು ಇದ್ದಾಗ ನಮ್ಮ ಆಯ್ಕೆ ಅದೇ. ಬಣ್ಣ ಹಾಕಿದ ಮೇಲೆ ತೊಳೆಯಬಾರದು ಎಂಬ ಅದರ ನಿಯಮವನ್ನು ಅಭ್ಯಾಸಬಲದಿಂದ ಮೀರಬೇಡಿ.

ಟಿ ಕೋಶಗಳ ಮೇಲೆ ಕೆಲಸ ಮಾಡುವವರಿಗೆ ಮಾತ್ರ ಬಾಡಿಪಿ 493/503 ಅನ್ನು ಮೊದಲ ಆಯ್ಕೆಯಾಗಿ ಹೇಳಲಾರೆವು. ಸೋಂಕು ಕಳೆದ ಮೇಲೆ ಉಳಿಯುವ ಸಿಡಿ8 ನೆನಪಿನ ಕೋಶಗಳು ಕೊಬ್ಬು ಉರಿಸುವುದು ನಿಜ, ಆದರೆ ಅವು ಅದನ್ನು ಹನಿಯಾಗಿ ಕೂಡಿಡುವುದು ಅಷ್ಟಕ್ಕಷ್ಟೇ. ಗ್ಲೂಕೋಸ್‌ನಿಂದ ಕಟ್ಟಿದ ಕೊಬ್ಬನ್ನು ಲೈಸೋಸೋಮಿನ ಲೈಪೇಸ್ ಮೂಲಕ ಒಡೆದು ಕೂಡಲೇ ಬಳಸುತ್ತವೆ. ಕೋಶದ ಬಹುಪಾಲು ನ್ಯೂಕ್ಲಿಯಸ್ ಆಗಿರುವಾಗ ಸುತ್ತಲಿನ ತೆಳುವಾದ ಅಂಚಿನಲ್ಲಿ ಹನಿ ಎಣಿಸುವುದೂ ಕಷ್ಟ, ಬಂದ ಹಸಿರಿನಲ್ಲಿ ಬಹುಪಾಲು ಪೊರೆಯದ್ದು. ಅವರು ಒಳಸೇರಿಕೆಗೆ ಬಾಡಿಪಿ ಎಫ್‌ಎಲ್ ಸಿ16 ಅನ್ನು 1 ಮೈಕ್ರೋಮೋಲಾರ್‌ನಲ್ಲಿ, 37 ಡಿಗ್ರಿ ಮತ್ತು 4 ಡಿಗ್ರಿ ಎರಡರಲ್ಲೂ ಇಟ್ಟು ಹೋಲಿಸಲಿ. 4 ಡಿಗ್ರಿಯಲ್ಲೂ ಬರುವ ಹಸಿರು ಪೊರೆಗೆ ಅಂಟಿಕೊಂಡದ್ದು, ಅದನ್ನು ಕಳೆದು ಉಳಿದದ್ದಷ್ಟೇ ಒಳಗೆ ಹೋದದ್ದು. ಉರಿಸುವಿಕೆಗೆ ಎಟೊಮಾಕ್ಸಿರ್ ಬದಲು ಸಿಪಿಟಿ1ಎ ತೆಗೆದ ಕೋಶಗಳನ್ನು ಬಳಸಲಿ.